ಜೇಬಿಗೆ ಹೋಗುವ ಕೈ

ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಪುದೀನಾ ಚಟ್ನಿಯ ಬಾಟಲಿಯ ಪಕ್ಕ, ವರ್ಷಗಟ್ಟಲೆ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಇರುತ್ತಿತ್ತು. ಅದರಲ್ಲಿ ಸ್ನೂಸ್. ಒದ್ದೆ ಹೊಗೆಸೊಪ್ಪಿನ ಪುಡಿಯನ್ನು ಪುಟ್ಟ ಬಿಳಿ ಚೀಲಗಳಲ್ಲಿ ತುಂಬಿರುತ್ತಾರೆ. ಒಂದನ್ನು ಮೇಲ್ತುಟಿಯ ಕೆಳಗೆ ಒತ್ತಿಟ್ಟುಕೊಂಡರೆ ಆಯಿತು, ಹೊಗೆಯಿಲ್ಲ, ಉಗುಳುವ ರಗಳೆಯಿಲ್ಲ, ಎದುರಿಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ಸ್ವೀಡನ್ನಿನಲ್ಲಿ ಬಸ್ಸು ಓಡಿಸುವವರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್ ತನಕ ಎಷ್ಟೋ ಜನರ ಮೇಲ್ತುಟಿ ಒಂಚೂರು ಉಬ್ಬಿಕೊಂಡೇ ಇರುತ್ತದೆ.

ನನ್ನ ಗಂಡ ಅದನ್ನು ಕಲಿತದ್ದು ಶೋವ್ಡೆಯಲ್ಲಿ, ಕಾರಿನ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗಿನಿಂದ ಸಿಗರೇಟು ಸೇದಿಕೊಂಡು ಬಂದವರು. ಕಾರ್ಖಾನೆಯೊಳಗೆ ಸೇದುವಂತಿಲ್ಲ, ಹೊರಗೆ ಹೋದರೆ ಮೂಳೆ ಕೊರೆಯುವ ಚಳಿ. ಪಕ್ಕದ ಮೆಷಿನ್ನಿನವನು ಡಬ್ಬಿ ಚಾಚಿದನಂತೆ, ಇವರು ತೆಗೆದುಕೊಂಡರಂತೆ. ನಾನಾಗ ಹರಿಹರದಲ್ಲಿ ವೀಸಾಕ್ಕೆ ಕಾಯುತ್ತಿದ್ದೆ. "ಸಿಗರೇಟು ಬಿಟ್ಟೆ ಕಣೇ" ಎಂದು ಫೋನಿನಲ್ಲಿ ಹೇಳಿದಾಗ ಖುಷಿ ತಡೆಯಲಾರದೆ ಖೀರು ಮಾಡಿ ಓಣಿಗೆಲ್ಲ ಹಂಚಿದ್ದೆ. ನೆನೆಸಿಕೊಂಡರೆ ನನ್ನ ದಡ್ಡತನಕ್ಕೆ ಈಗಲೂ ನಗು ಬರುತ್ತದೆ.

ನನಗೆ ಕೆಲಸ ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ, ಒಂದು ವೈದ್ಯಕೀಯ ಪ್ರಯೋಗಾಲಯದಲ್ಲಿ ಸಿಕ್ಕಿತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ, ಅಷ್ಟರಲ್ಲಿ ಸ್ವೀಡಿಷ್ ಕೂಡ ನಾಲಿಗೆಗೆ ಹತ್ತಿತ್ತು. ಅವರೂ ಸೋಲ್ನಾದ ಒಂದು ಆಫೀಸಿಗೆ ಬದಲಾಯಿಸಿಕೊಂಡರು. ಬೆಳಿಗ್ಗೆ ಮಗಳನ್ನು ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ನಾನು ರೈಲು ಹತ್ತುತ್ತಿದ್ದೆ. ದಿನವಿಡೀ ನೋಡುತ್ತಿದ್ದದ್ದು ನಿಕೋಟಿನ್ ಕೊಟ್ಟ ಇಲಿಗಳ ಮಿದುಳನ್ನು. ಗಂಡ ತುಟಿಯಡಿ ಇಟ್ಟುಕೊಂಡದ್ದನ್ನೇ ಹೆಂಡತಿ ಸೂಕ್ಷ್ಮದರ್ಶಕದಲ್ಲಿ ನೋಡಿ ಸಂಬಳ ತರುತ್ತಾಳೆ ಎಂದು ನಮ್ಮ ಪರಿಚಯದವರೆಲ್ಲ ಚುಡಾಯಿಸುತ್ತಿದ್ದರು.

ಮಿದುಳನ್ನು ಈರುಳ್ಳಿಯ ಒಳಪೊರೆಯಂತೆ ತೆಳುವಾಗಿ ಸೀಳಿ ಬೆಳ್ಳಿಯ ದ್ರಾವಣದಲ್ಲಿ ನೆನೆಸಿಡುತ್ತಿದ್ದೆವು. ಸಾವಿರಾರು ಕೋಶಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಕಪ್ಪಾಗುತ್ತದೆ. ಆದರೆ ಕಪ್ಪಾದದ್ದು ಪೂರ್ತಿ ಕಾಣುತ್ತದೆ, ಕಾಂಡ, ಕೊಂಬೆ, ಕೊಂಬೆಯ ಮೇಲೆಲ್ಲ ಸಣ್ಣ ಸಣ್ಣ ಮುಳ್ಳು. ಒಂದೊಂದು ಮುಳ್ಳೂ ಇನ್ನೊಂದು ಕೋಶದ ಸುದ್ದಿ ಬಂದು ಮುಟ್ಟುವ ಜಾಗ. ದಿನವೂ ನಿಕೋಟಿನ್ ಕಂಡ ಇಲಿಗಳಲ್ಲಿ, ಆಸೆಗೆ ಸಂಬಂಧಪಟ್ಟ ಭಾಗದ ಕೋಶಗಳ ಕೊಂಬೆಗಳು ಉದ್ದವಾಗಿರುತ್ತಿದ್ದವು, ಕವಲು ಹೆಚ್ಚಿರುತ್ತಿತ್ತು, ಮುಳ್ಳು ಒತ್ತೊತ್ತಾಗಿರುತ್ತಿತ್ತು. ಯಾವ ಇಲಿಯದ್ದು ಎಂದು ನಮಗೆ ಗೊತ್ತಾಗದಂತೆ ಗಾಜಿನ ಮೇಲೆ ಬರೀ ಸಂಖ್ಯೆ ಬರೆದಿರುತ್ತಿದ್ದರೂ, ಒಂದು ವರ್ಷ ನೋಡಿದ ಮೇಲೆ ನನಗೆ ಮೊದಲ ನೋಟಕ್ಕೇ ಗೊತ್ತಾಗಿಬಿಡುತ್ತಿತ್ತು. ನಿಕೋಟಿನ್ ನಿಲ್ಲಿಸಿ ವಾರಗಳು ಕಳೆದ ಮೇಲೂ ಆ ಕೊಂಬೆಗಳು ಹಾಗೇ ಇರುತ್ತಿದ್ದವು. ನಿಲ್ಲಿಸಿದ್ದೇವೆ ಎಂಬ ಸುದ್ದಿಯೇ ಅವಕ್ಕೆ ಮುಟ್ಟಿಲ್ಲವೇನೋ ಅನ್ನಿಸುತ್ತಿತ್ತು.

ನಮ್ಮ ಗುಂಪಿನ ಮುಖ್ಯಸ್ಥರು ಅರವತ್ತರ ಹತ್ತಿರದ ಪ್ರೊಫೆಸರ್. ಬದುಕೆಲ್ಲ ನಿಕೋಟಿನ್ ಮೇಲೆ ಕೆಲಸ ಮಾಡಿದ ಮನುಷ್ಯ. ಫೀಕಾ ಹೊತ್ತಿನಲ್ಲಿ ಎಲ್ಲರೂ ಸೇರಿ ಕಾಫಿ ಕುಡಿದಾದ ಮೇಲೆ ತಾವೇ ಒಂದು ಚೀಲ ತೆಗೆದು ತುಟಿಯಡಿ ತಳ್ಳುತ್ತಿದ್ದರು. "ಎಲ್ಲ ಗೊತ್ತಿದ್ದೂ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಹಣೆ ಮುಟ್ಟಿ, "ಗೊತ್ತಿರುವುದು ಇಲ್ಲಿ ಮುಂದೆ" ಎಂದರು. ತಲೆಯ ಒಳಗಡೆಗೆ ಬೆರಳು ತೋರಿಸಿ, "ಬೇಕು ಅನ್ನಿಸುವುದು ಅಲ್ಲಿ ಆಳದಲ್ಲಿ. ಇಬ್ಬರಿಗೂ ಅಷ್ಟಾಗಿ ಮಾತಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆಗ ನಗುವುದಕ್ಕೆ ನನಗೇನೂ ತೊಂದರೆ ಇರಲಿಲ್ಲ.

ತೊಂದರೆ ಬಂದದ್ದು ಬೆನ್ನಿನಿಂದ. ನನ್ನ ಗಂಡನ ಬೆನ್ನುಮೂಳೆಯ ಕೆಳಗಡೆ ಒಂದು ಮಣಿ ಮುಂದಕ್ಕೆ ಜಾರಿ ನರವನ್ನು ಒತ್ತುತ್ತಿತ್ತು. ಮೊದಲು ಸೊಂಟನೋವು, ಆಮೇಲೆ ಎಡಗಾಲಿನಲ್ಲಿ ಜೋಮು. ಎರಡು ಸಾವಿರದ ಎಂಟರ ಬೇಸಿಗೆಯ ಹೊತ್ತಿಗೆ ಎಡಗಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ಮನೆಯೊಳಗೆ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಬಿದ್ದಿರುತ್ತಿತ್ತು, ಅವರು ಬರಿಗಾಲಿನಲ್ಲಿ ಮುಂದೆ ಹೋಗಿರುತ್ತಿದ್ದರು. ಬಿದ್ದದ್ದೇ ಅವರಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಮಗಳು ಅದನ್ನೆತ್ತಿಕೊಂಡು "ಅಬ್ಬು, ತೊಫೆಲ್!" ಎಂದು ಸ್ವೀಡಿಷ್‌ನಲ್ಲಿ ಚಪ್ಪಲಿಯ ಹೆಸರು ಕೂಗುತ್ತ ಹಿಂದೆ ಓಡುತ್ತಿದ್ದಳು. ಅವಳಿಗೆ ಅದೊಂದು ಆಟ.

ಶಸ್ತ್ರಚಿಕಿತ್ಸೆ ಮಾಡಿ ಎರಡು ಮಣಿಗಳನ್ನು ಸ್ಕ್ರೂ ಹಾಕಿ ಕೂಡಿಸಬೇಕು ಎಂದರು ಡಾಕ್ಟರು. ಸ್ಕ್ರೂ ಹಿಡಿದಿಡುವುದು ಕೆಲವು ತಿಂಗಳು, ಆಮೇಲೆ ಹಿಡಿಯಬೇಕಾದದ್ದು ಹೊಸದಾಗಿ ಬೆಳೆದ ಮೂಳೆ. ನಿಕೋಟಿನ್ ಇದ್ದರೆ ಆ ಮೂಳೆ ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ಚಿಕಿತ್ಸೆಗೆ ಮೊದಲು ಆರು ವಾರ, ಆಮೇಲೆ ಮೂರು ತಿಂಗಳು ಏನೂ ಕೂಡದು. ಸಿಗರೇಟಿಲ್ಲ, ಸ್ನೂಸ್ ಇಲ್ಲ, ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿಯೂ ಇಲ್ಲ. ನಡುವೆ ಒಮ್ಮೆ ಬಾಯಿಗೆ ಹಾಕಿದರೂ ಎಣಿಕೆ ಮತ್ತೆ ಮೊದಲಿನಿಂದ. ಅಷ್ಟು ಹೇಳಿ ಅವರು ಇನ್ನೊಂದು ಮಾತು ಸೇರಿಸಿದರು. ನರ ಎಷ್ಟು ದಿನ ಒತ್ತಡದಲ್ಲಿರುತ್ತದೋ, ಕಾಲು ಮೊದಲಿನಂತಾಗುವ ಆಸೆ ಅಷ್ಟು ಕಮ್ಮಿಯಾಗುತ್ತ ಹೋಗುತ್ತದೆ.

ಆಗಸ್ಟ್ ಕೊನೆಗೇ ಒಂದು ತಾರೀಖು ಖಾಲಿ ಇತ್ತು. ನಾವಿಬ್ಬರೂ ಅಡುಗೆಮನೆಯಲ್ಲಿ ತಲೆಗೆ ತಲೆ ಸೇರಿಸಿ ಯೋಚಿಸಿ ಅದನ್ನು ಬೇಡ ಎಂದೆವು. ಸೆಪ್ಟೆಂಬರಿಗೆ ರಂಜಾನ್ ಶುರುವಾಗುವುದಿತ್ತು. ಹಗಲೆಲ್ಲ ಉಪವಾಸ, ಬಾಯಿಗೆ ನೀರೂ ಇಲ್ಲದ ಮೇಲೆ ಸ್ನೂಸಿನ ಮಾತೆಲ್ಲಿ? ಸಂಜೆಯಿಂದ ಮಲಗುವವರೆಗಿನ ಹೊತ್ತನ್ನು ಹೇಗೋ ತಳ್ಳಿದರೆ ಚಟ ತಾನಾಗಿ ಬಿಟ್ಟುಹೋಗುತ್ತದೆ. "ಹಗಲಿಗೆ ಅಲ್ಲಾಹ್‌ನ ಭಯ, ಸಂಜೆಗೆ ನಿನ್ನ ಭಯ. ಇನ್ನೇನ್ ಬೇಕು?" ಎಂದರು ಅವರು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ನಾನು ಹೇಳಲೂ ಇಲ್ಲ. ಅಕ್ಟೋಬರ್ ನಡುವಿನ ತಾರೀಖು ಕೇಳಿ ತೆಗೆದುಕೊಂಡೆವು. ಇದು ತಪ್ಪಿದರೆ ಮುಂದಿನದು ಚಳಿಗಾಲ ಕಳೆದ ಮೇಲೇ ಎಂದು ಆಸ್ಪತ್ರೆಯವರು ಸ್ಪಷ್ಟವಾಗಿ ಹೇಳಿದ್ದರು. ನಾವು ತಲೆಯಾಡಿಸಿದೆವು, ಅಷ್ಟು ಧೈರ್ಯ ನಮಗೆ.

ರಂಜಾನಿನ ಮೊದಲ ದಿನ ಅವರೇ ಫ್ರಿಜ್ಜಿನ ಡಬ್ಬಿಯನ್ನು ಕಸಕ್ಕೆ ಹಾಕಿದರು. ಹಗಲು ಹೂವೆತ್ತಿದಂತೆ ಕಳೆಯಿತು. ಸಂಜೆ ಮೇಜಿನ ಮೇಲೆ ಖರ್ಜೂರ, ಗಂಜಿ, ಮಸಾಲೆ ಕಡಲೆ, ಕೆಂಪು ಶರಬತ್ತು ಇಟ್ಟುಕೊಂಡು ಕೂತೆವು. ಕಿಟಕಿಯ ಹತ್ತಿರ ನಮ್ಮ ಆಜಾನ್ ಗಡಿಯಾರ. ಮಸೀದಿಯ ಆಕಾರದ ಪ್ಲಾಸ್ಟಿಕ್ ಗಡಿಯಾರ, ದುಬೈಯಲ್ಲಿದ್ದ ನನ್ನ ಮಾಮು ಮದುವೆಗೆ ಕೊಟ್ಟದ್ದು. ಸ್ಟಾಕ್‌ಹೋಮಿನ ಹೊತ್ತು ಹಾಕಿಟ್ಟರೆ ಸೂರ್ಯ ಮುಳುಗಿದ ತಕ್ಷಣ ಕೂಗುತ್ತದೆ. ಸೋಲ್ನಾದ ಫ್ಲ್ಯಾಟಿನಲ್ಲಿ ಕೂತವರಿಗೆ ರೋಜಾ ಬಿಡುವ ಕರೆ ಅದೊಂದೇ. ಅದು ಕೂಗಿತು. ಅವರು ಖರ್ಜೂರ ಬಾಯಿಗಿಟ್ಟುಕೊಂಡು ನೀರು ಕುಡಿದರು. ಲೋಟ ಇಡುತ್ತಿದ್ದಂತೆ ಬಲಗೈ ಪ್ಯಾಂಟಿನ ಹಿಂದಿನ ಜೇಬಿಗೆ ಹೋಯಿತು.

ಜೇಬು ಖಾಲಿ. ಅವರು ಕೈಯನ್ನೇ ನೋಡಿಕೊಂಡು ಪೆಚ್ಚಾಗಿ ನಕ್ಕರು. ಮರುದಿನವೂ ಹೋಯಿತು, ಅದರ ಮರುದಿನವೂ. ನಗು ಒಂದೆರಡು ದಿನಕ್ಕೇ ಮುಗಿಯಿತು. ಆಮೇಲೆ ಇಫ್ತಾರ್ ಆದ ಮೇಲೆ ಅವರ ಮುಖ ನೋಡುವಂತಿರುತ್ತಿರಲಿಲ್ಲ. ಗಂಜಿ ಬಿಸಿಯಿಲ್ಲ ಎಂದು ರೇಗುವುದು, ಮಗಳು ಚಮಚ ಬೀಳಿಸಿದರೆ ಗದರುವುದು, ಬೆನ್ನು ಹಿಡಿದುಕೊಂಡು ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುವುದು. ಹಗಲು ಇಷ್ಟು ಸಲೀಸಾಗಿ ಹೋಗುವಾಗ ಸಂಜೆ ಮಾತ್ರ ಯಾಕೆ ಹೀಗೆ ಎಂದು ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಪ್ರಯೋಗಾಲಯದಲ್ಲಿ. ನಮ್ಮಲ್ಲೇ ಇನ್ನೊಂದು ಕೋಣೆಯಲ್ಲಿ ಇಲಿಗಳ ನಡವಳಿಕೆ ನೋಡುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ಸಣ್ಣ ದೀಪ, ಒಂದು ಒತ್ತುಗುಂಡಿ. ದೀಪ ಹತ್ತಿದಾಗ ಗುಂಡಿ ಒತ್ತಿದರೆ ಇಲಿಗೆ ನಿಕೋಟಿನ್ ಸಿಗುತ್ತದೆ. ಆ ಮಧ್ಯಾಹ್ನ ಸಹೋದ್ಯೋಗಿಗೆ ಬದಲಾಗಿ ನಾನು ಅಲ್ಲಿ ಕೂತಿದ್ದೆ. ಆ ಇಲಿಗೆ ವಾರಗಳಿಂದ ನಿಕೋಟಿನ್ ಕೊಟ್ಟಿರಲಿಲ್ಲ. ಅದು ತನ್ನ ಪಾಡಿಗೆ ಮೈ ನೆಕ್ಕಿಕೊಳ್ಳುತ್ತಿತ್ತು. ದೀಪ ಹತ್ತಿತು. ನೆಕ್ಕುವುದನ್ನು ಅರ್ಧಕ್ಕೆ ಬಿಟ್ಟು ನೇರವಾಗಿ ಹೋಗಿ ಗುಂಡಿ ಒತ್ತಿತು. ಏನೂ ಬರಲಿಲ್ಲ. ಮತ್ತೆ ಒತ್ತಿತು, ಮತ್ತೆ ಮತ್ತೆ ಒತ್ತಿತು.

ಶೋವ್ಡೆಯ ಕಾಲದಿಂದಲೂ ಪ್ರತಿ ರಂಜಾನಿನಲ್ಲಿ ಇವರು ಹಗಲೆಲ್ಲ ತಡೆದುಕೊಂಡು, ಆಜಾನ್ ಕೂಗಿ ಖರ್ಜೂರ ತಿಂದ ಮೇಲೆ ಮೊದಲ ಚೀಲ ತುಟಿಯಡಿ ಇಡುತ್ತಿದ್ದರು. ದಿನವಿಡೀ ಕಾದು ಸಿಕ್ಕಿದ್ದು, ಇಡೀ ವರ್ಷದಲ್ಲೇ ತಲೆಗೆ ಜೋರಾಗಿ ಹತ್ತುವಂಥದ್ದು. ನಾನು ಬಂದಾಗಿನಿಂದ ನಾನೇ ಖರ್ಜೂರ ಬಿಡಿಸಿಟ್ಟು ಎದುರಿಗೆ ಕೂತು ನೋಡಿದ್ದೆ. ಚಟ ಬಿಡಿಸುವ ತಿಂಗಳು ಎಂದು ನಾವು ಕಾದುಕೊಂಡು ಕೂತ ತಿಂಗಳೇ ಆ ಚಟಕ್ಕೆ ಗಂಟು ಹಾಕಿದ ತಿಂಗಳು. ಇದಕ್ಕೋಸ್ಕರ ಆಗಸ್ಟಿನ ತಾರೀಖು ಬಿಟ್ಟುಕೊಟ್ಟಿದ್ದೆವು.

ಆ ಸಂಜೆ ಇಫ್ತಾರಿಗೆ ಮೊದಲೇ ಹೇಳಿದೆ. "ಏನ್ರೀ, ಗಡಿಯಾರ ಸ್ವಲ್ಪ ದಿನ ಆಫ್ ಮಾಡೋಣ."

"ರಂಜಾನಲ್ಲಿ ಆಜಾನ್ ಆಫ್ ಮಾಡ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

ದೀಪದ ಕಥೆ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಮುಖ ಗಂಟು ಹಾಕಿಕೊಂಡಿತು. "ಹತ್ತು ವರ್ಷದಿಂದ ಎಂಜಿನ್ ಡಿಸೈನ್ ಮಾಡ್ತಿರೋನು ನಾನು. ನಿನ್ ಇಲಿ ಅಲ್ಲ."

"ಇಲಿ ಅಂದ್ನಾ ನಾನು?"

"ಅಂದೆ. ಎರಡು ಸಲ ಅಂದೆ."

ನಮ್ಮ ಮನೆಯಲ್ಲಿ ಮುದ್ದು ಉರ್ದುವಿನಲ್ಲಿ, ಲೆಕ್ಕಾಚಾರ ಇಂಗ್ಲಿಷಿನಲ್ಲಿ, ಜಗಳ ಮಾತ್ರ ಅಪ್ಪಟ ಕನ್ನಡದಲ್ಲಿ. ಆ ಸಂಜೆ ಕನ್ನಡ ಚೆನ್ನಾಗಿಯೇ ನಡೆಯಿತು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮರುದಿನ ಅವರು ಆಫೀಸಿಗೆ ಹೋದ ಮೇಲೆ ಗಡಿಯಾರದ ಸೆಲ್ಲು ಕಿತ್ತು ಕೊತ್ತಂಬರಿ ಬೀಜದ ಡಬ್ಬದಲ್ಲಿ ಹಾಕಿಟ್ಟೆ. "ಕೆಟ್ಟುಹೋಗಿದೆ ಅನ್ಸುತ್ತೆ" ಎಂದೆ. ಎಂಜಿನ್ ಡಿಸೈನ್ ಮಾಡುವವರು ಅದನ್ನು ಬಿಚ್ಚಿಯೂ ನೋಡಲಿಲ್ಲ. ಬೆನ್ನು ಬಗ್ಗುತ್ತಿರಲಿಲ್ಲ ಎನ್ನುವುದು ಒಂದು, ಒಳಗೊಳಗೇ ಅವರಿಗೂ ಬೇಕಾಗಿತ್ತು ಎನ್ನುವುದು ಇನ್ನೊಂದು.

ಕಿಟಕಿಯಾಚೆ ಬೆಳಕು ನೋಡಿಕೊಂಡು, ಕೈಗಡಿಯಾರ ನೋಡಿಕೊಂಡು ರೋಜಾ ಬಿಟ್ಟೆವು. ಕೈ ಮೇಜಿನ ಮೇಲೇ ಇತ್ತು. ಅಂದು, ಮರುದಿನ, ಇಡೀ ವಾರ. ಗಂಜಿ ಎರಡು ಸಲ ಹಾಕಿಸಿಕೊಂಡರು, ಮಗಳ ಜೊತೆ ಕಾಗದದ ದೋಣಿ ಮಾಡಿದರು. ನಾನು ಗೆದ್ದೆ ಅಂದುಕೊಂಡೆ. ಯಾರಿಗೂ ಹೇಳದೆ ಒಬ್ಬಳೇ ಬೀಗಿದೆ.

ಆ ಶನಿವಾರ ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿದ್ದ ಬೆಂಗಳೂರಿನ ದಂಪತಿ ಇಫ್ತಾರಿಗೆ ಕರೆದರು. ಇಬ್ಬರೂ ಐಟಿಯವರು, ಬಸವನಗುಡಿಯ ಕಡೆಯವರು. ಪ್ರತಿ ವರ್ಷ ಒಂದು ದಿನ ನಮಗೆ ಅವರ ಮನೆಯಲ್ಲೇ ಇಫ್ತಾರ್ ಎಂಬುದು ರೂಢಿಯಾಗಿಬಿಟ್ಟಿತ್ತು. ಆಕೆ ಬೋಂಡ, ಸಬ್ಬಕ್ಕಿ ಪಾಯಸ ಮಾಡಿ, ಎಲ್ಲಿಂದಲೋ ಒಳ್ಳೆಯ ಖರ್ಜೂರ ತಂದಿದ್ದರು. ಸ್ನೂಸ್ ಬಿಟ್ಟ ವಿಷಯ ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಇವರದೇ ಕಟ್ಟಪ್ಪಣೆ, ನಡುವೆ ಸೋತರೆ ಮರ್ಯಾದೆ ಹೋಗುತ್ತದಲ್ಲ!

ಹೊತ್ತು ಹತ್ತಿರ ಬಂದಾಗ ಆತ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು. "ಭಾಯ್, ನಿಮ್ ಕ್ಲಾಕ್ ರಿಪೇರಿ ಅಂತ ನಿಮ್ ಮಿಸೆಸ್ ಹೇಳಿದ್ರಂತೆ. ಸೋ ನಾನೇ ಇಂಟರ್‌ನೆಟ್ಟಲ್ಲಿ ಹುಡುಕಿ ಇಟ್ಟಿದೀನಿ. ಆಜಾನ್ ಇಲ್ದೆ ಎಂಥ ಇಫ್ತಾರ್?"

ಆತನ ಮುಖದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಲ್ಯಾಪ್‌ಟಾಪಿನ ಸ್ಪೀಕರಿನಿಂದ ಆಜಾನ್ ಶುರುವಾಯಿತು, ನಮ್ಮ ಪ್ಲಾಸ್ಟಿಕ್ ಗಡಿಯಾರದ್ದಕ್ಕಿಂತ ಎಷ್ಟೋ ಚೆಂದದ ದನಿ. ಖರ್ಜೂರ. ನೀರು. ಕೈ ಹಿಂದಿನ ಜೇಬಿಗೆ ಹೋಯಿತು. ಖಾಲಿ ಜೇಬಿನಿಂದ ಹೊರಬಂದ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು. ಆಮೇಲೆ ಆತನ ಭುಜ ತಟ್ಟಿ, "ಬಾಲ್ಕನಿಗೆ ಹೋಗಿ ಬರೋಣ್ವಾ ಎರಡು ನಿಮಿಷ?" ಎಂದರು. ಆತನ ಮೇಲ್ತುಟಿಯೂ ಯಾವಾಗಲೂ ಉಬ್ಬಿಕೊಂಡೇ ಇರುತ್ತದೆ ಎಂಬುದು ನನಗೆ ನೆನಪಾದದ್ದು ಬಾಲ್ಕನಿಯ ಬಾಗಿಲು ಮುಚ್ಚಿದ ಮೇಲೆ.

ನಾನು ಏಳಬಹುದಿತ್ತು. ಆಕೆ ನನ್ನ ತಟ್ಟೆಗೆ ಬೋಂಡ ಹಾಕುತ್ತ ಮಗುವಿನ ದಾಗಿಸ್ ಬಗ್ಗೆ ಕೇಳುತ್ತಿದ್ದರು. ಗಾಜಿನಾಚೆ ಇಬ್ಬರ ಬೆನ್ನು ಕಾಣುತ್ತಿತ್ತು. ನಾನು ಏನೋ ಉತ್ತರ ಕೊಟ್ಟೆ. ನನ್ನ ಗಂಡ ಒಳಗೆ ಬಂದಾಗ ನನ್ನ ಪಕ್ಕ ಕೂರಲಿಲ್ಲ.

ಮನೆಗೆ ಇಳಿಯುವಾಗ ಲಿಫ್ಟಿನಲ್ಲಿ ಆ ವಾಸನೆ ಗೊತ್ತಾಯಿತು. ಒದ್ದೆ ಹೊಗೆಸೊಪ್ಪಿನ, ಉಪ್ಪುಪ್ಪಾದ ವಾಸನೆ. ಬಾಗಿಲು ಹಾಕಿ ಮಗಳನ್ನು ಟೀವಿ ಮುಂದೆ ಕೂರಿಸಿದೆ.

"ಎಷ್ಟು ಹೊತ್ತು ಇಟ್ಕೊಂಡಿದ್ರಿ?"

"ಇಟ್ಟೆ. ತಕ್ಷಣ ಗೊತ್ತಾಯ್ತು. ಅಲ್ಲ, ತಕ್ಷಣ ಅಲ್ಲ. ಸ್ವಲ್ಪ ಹೊತ್ತಾದ್ಮೇಲೆ ತೆಗ್ದೆ."

"ಕಾಲು ಬೇಡ್ವಾ ನಿಮ್ಗೆ? ಆ ಮಗು ನಿಮ್ ಚಪ್ಪಲಿ ಹೊತ್ಕೊಂಡು ಎಲ್ಲಿವರ್ಗೂ ಹಿಂದೆ ಓಡ್ಬೇಕು?"

ಅವರು ಗೋಡೆಗೆ ಒರಗಿ ನಿಂತರು. ಇಳಿದ ದನಿಯಲ್ಲಿ ಹೇಳಿದರು. "ಬೇಕು ಅಂತಾನೂ ಅನ್ನಿಸ್ಲಿಲ್ಲ ಕಣೇ. ಅದೇ ಭಯ ಆಗ್ತಿದೆ ನಂಗೆ. ಆಸೆ ಆಗಿ ತಗೊಂಡಿದ್ರೆ ನನ್ನನ್ನೇ ಬೈಕೋಬಹುದಿತ್ತು. ಕಾಲು ತಾನೇ ಎದ್ದು ಹೋಯ್ತು."

ಕೊತ್ತಂಬರಿ ಬೀಜದ ಡಬ್ಬದಿಂದ ಸೆಲ್ಲು ತಂದು ಅವರ ಮುಂದಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ, ಅವರು ಸೆಲ್ಲನ್ನೆತ್ತಿ ಗಡಿಯಾರದ ಪಕ್ಕ ಇಟ್ಟರು.

ಸೋಮವಾರ ಫೀಕಾದಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಪ್ರೊಫೆಸರಿಗೆ ಎಲ್ಲ ಹೇಳಿದೆ. ಮನೆಯ ಮಾತನ್ನು ಅಲ್ಲಿ ಆಡಿದ್ದು ಅದೇ ಮೊದಲು. ರೋಜಾದಲ್ಲಿದ್ದೇನೆಂದು ನನ್ನ ಮುಂದೆ ಕಾಫಿ ಇರಲಿಲ್ಲ, ಅವರೂ ತಮ್ಮ ಲೋಟವನ್ನು ದೂರ ಸರಿಸಿದರು.

"ನೀನು ದೀಪ ಆರಿಸಿದೆ" ಎಂದರು. "ದೀಪವೇ ಇಲ್ಲದಿದ್ದರೆ ಇಲಿ ಸುಮ್ಮನಿರುತ್ತದೆ. ಮರೆತಿದೆ ಎಂದು ನಮಗೆ ಅನ್ನಿಸುತ್ತದೆ. ಅದು ಏನನ್ನೂ ಮರೆತಿರುವುದಿಲ್ಲ. ದೀಪ ಹತ್ತಬೇಕು, ಏನೂ ಬರಬಾರದು. ಮತ್ತೆ ಹತ್ತಬೇಕು, ಮತ್ತೆ ಏನೂ ಬರಬಾರದು. ಹಳೆಯದು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಬೆಳೆಯುತ್ತದೆ. ಬೇರೆ ಪೆಟ್ಟಿಗೆಗೆ ಹಾಕಿದರೆ ಹಳೆಯದು ಮತ್ತೆ ತಲೆಯೆತ್ತಲೂಬಹುದು." ಜೇಬಿನಿಂದ ಡಬ್ಬಿ ತೆಗೆದವರು ನನ್ನ ಮುಖ ನೋಡಿ ಒಳಗೆ ಹಾಕಿದರು. ಯಾವ ಸ್ಲೈಡಿನಲ್ಲೂ ನನಗೆ ಕಾಣದೆ ಹೋದದ್ದು, ತಾನಾಗಿ ಹೊರಟದ್ದೂ ತಿರುಗಬಲ್ಲದು ಎಂಬುದು, ಆ ಕೈಯಲ್ಲಿ ಕಂಡಿತು.

ಅಂದು ಸಂಜೆ ಮನೆಯಲ್ಲಿ ಅದನ್ನೆಲ್ಲ ಹೇಳಿದೆ. ಗಡಿಯಾರಕ್ಕೆ ಸೆಲ್ಲು ಹಾಕಿದವರು ನನ್ನ ಗಂಡನೇ. ಎದುರಿಗೇ ತಂದಿಟ್ಟುಕೊಂಡರು. ಕೂಗಿತು. ಖರ್ಜೂರ, ನೀರು. ಕೈ ಹೊರಟಿತು. ನಾನು ಮೇಜಿನಾಚೆಯಿಂದ ಚಾಚಿ ಹಿಡಿದುಕೊಂಡೆ. ಕೈಯೆಲ್ಲ ಬೆವರು, ಬೆರಳುಗಳು ಬಿಗಿಯಾಗಿದ್ದವು. ಅವರು ಕಣ್ಣುಮುಚ್ಚಿ ಹಲ್ಲು ಕಚ್ಚಿಕೊಂಡಿದ್ದರು. ಗಂಜಿ ಆರಿತು. ಮಗಳು ಇದೇನೋ ಆಟವೆಂದು ನಮ್ಮ ಕೈಗಳ ಮೇಲೆ ತನ್ನ ಅಂಟಂಟು ಕೈಯನ್ನೂ ಇಟ್ಟಳು. ನನ್ನ ಕೈಯಲ್ಲಿದ್ದ ಕೈ ಸಡಿಲವಾಗಲು ಬಹಳ ಹೊತ್ತು ಬೇಕಾಯಿತು. ಮರುದಿನ ಮತ್ತೆ. ಕೆಲವು ಸಂಜೆ ಅವರು ಕೈ ಕೊಸರಿಕೊಂಡು ಎದ್ದು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು, ನಾನು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ನಲ್ಲಿಯ ಸದ್ದು ಕೇಳುತ್ತಿತ್ತು. ಹೊರಗೆ ಬಂದು ಬಾಯಿ ತೆರೆದು ತೋರಿಸುತ್ತಿದ್ದರು, ಚಿಕ್ಕ ಮಕ್ಕಳಂತೆ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ನೋಡುತ್ತಿದ್ದೆ.

ಹಬ್ಬವಾಯಿತು. ಹಬ್ಬದ ಮರುವಾರ ಶಸ್ತ್ರಚಿಕಿತ್ಸೆಗೆ ಮೊದಲಿನ ಭೇಟಿಗೆ ಆಸ್ಪತ್ರೆಗೆ ಕರೆದರು. ಪ್ರಶ್ನೆ ಕೇಳಿದವರು ವಯಸ್ಸಾದ ನರ್ಸ್. ಕಾಯಿಲೆಯ ಮಾತು ತಪ್ಪಾಗಬಾರದು, ತಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದು ಆಕೆ ಸ್ವೀಡಿಷ್‌ನಲ್ಲೇ ಕೇಳುತ್ತಿದ್ದರು, ಇವರ ಸ್ವೀಡಿಷ್ ಅಂಗಡಿ, ಬಸ್ಸಿಗೆ ಸಾಲುವಷ್ಟೇ, ಹಾಗಾಗಿ ನಾನು ನಡುವೆ ಕೂತು ಎರಡೂ ಕಡೆ ಹೇಳುತ್ತಿದ್ದೆ. ಅಲರ್ಜಿ, ಮಾತ್ರೆ, ಹಳೆಯ ಆಪರೇಷನ್ ಎಲ್ಲ ಮುಗಿಯಿತು. ರಕ್ತದಲ್ಲಿ ನಿಕೋಟಿನ್ ಪರೀಕ್ಷೆ ಇದೆಯೇ ಎಂದು ನಾನೇ ಕೇಳಿದೆ. ಆಕೆಗೆ ಆಶ್ಚರ್ಯವಾಯಿತು. "ಇಲ್ಲವಲ್ಲ. ನಾವು ಕೇಳುತ್ತೇವೆ, ನೀವು ಹೇಳುತ್ತೀರಿ" ಎಂದರು. ಆಮೇಲೆ ಕೇಳಿದರು. "ಈ ಆರು ವಾರಗಳಲ್ಲಿ ಯಾವುದಾದರೂ ರೂಪದಲ್ಲಿ ನಿಕೋಟಿನ್?"

ಆ ಮಾತನ್ನು ಇವರಿಗೆ ತರ್ಜುಮೆ ಮಾಡಬೇಕಾಗಿರಲಿಲ್ಲ. ಕನ್ನಡದಲ್ಲಿ ಹೇಳಿದರು. "ಒಂದ್ಸಲ ಅಂತ ಹೇಳು."

ನಾನು ನಗುಮುಖ ಇಟ್ಟುಕೊಂಡೇ ಕನ್ನಡದಲ್ಲಿ ಉತ್ತರ ಕೊಟ್ಟೆ. "ಟೆಸ್ಟ್ ಇಲ್ಲ ಅಂದ್ರು, ಕೇಳಿಸ್ತಲ್ಲ? ಹೇಳಿದ್ರೆ ತಾರೀಖು ಹೋಗುತ್ತೆ."

"ಹೋಗ್ಲಿ. ಹೇಳು."

"ಚಳಿಗಾಲ ಮುಗಿಯೋವರ್ಗೂ ಕಾಯ್ತೀರಾ ಈ ಕಾಲು ಇಟ್ಕೊಂಡು? ಸ್ವಲ್ಪ ಹೊತ್ತು ತುಟಿ ಕೆಳ್ಗೆ ಇಟ್ಟಿದ್ದು. ಅಷ್ಟಕ್ಕೆ ಮೂಳೆ ಏನಾಗುತ್ತೆ?"

ನರ್ಸ್ ಇಬ್ಬರನ್ನೂ ಸೌಜನ್ಯದಿಂದ ನೋಡುತ್ತ ಕಾಯುತ್ತಿದ್ದರು. ನಾವು ಅಲರ್ಜಿಯನ್ನೇನೋ ನೆನಪು ಮಾಡಿಕೊಳ್ಳುತ್ತಿದ್ದೇವೆ ಅಂದುಕೊಂಡಿರಬೇಕು. ಇಲ್ಲ ಎನ್ನುವುದಕ್ಕೆ ಸ್ವೀಡಿಷ್‌ನಲ್ಲಿ ಒಂದೇ ಚಿಕ್ಕ ಪದ. ಅದು ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು. ಹೇಳಿಬಿಟ್ಟರೆ ಮುಗಿಯಿತು, ಮುಂದಿನ ವಾರ ಕಾಲು ವಾಪಸ್ಸು ಬರುವ ದಾರಿ ತೆರೆಯುತ್ತದೆ. ಆದರೆ ಆ ಪದ ಅವರಿಗೂ ಗೊತ್ತು.

ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ಕೈಯಂತೂ ನನ್ ಮಾತು ಕೇಳ್ಲಿಲ್ಲ. ಬಾಯಾದ್ರೂ ಕೇಳ್ಲಿ. ಹೇಳೇ."

ಹೇಳಿದೆ. ಯಾವಾಗ, ಎಷ್ಟು, ಹೇಗೆ, ಆಜಾನ್, ಖರ್ಜೂರ, ಬಾಲ್ಕನಿ ಎಲ್ಲ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಇವರ ಕಡೆ ತಿರುಗಿ, "ಹೇಳಿದ್ದಕ್ಕೆ ಧನ್ಯವಾದ" ಎಂದು, ಡಾಕ್ಟರನ್ನು ಕೇಳಿ ಬರುತ್ತೇನೆ ಎಂದು ಹೋದರು.

ಹೊರಗಿನ ಬೆಂಚಿನ ಮೇಲೆ ಕೂತೆವು. ನನಗೆ ಅವರ ಮೇಲೆ ಬಂದ ಸಿಟ್ಟನ್ನು ಇವತ್ತಿಗೂ ಮರೆತಿಲ್ಲ. ಸತ್ಯವಂತನ ಹೆಂಡತಿಯಾದದ್ದಕ್ಕೆ ಹೆಮ್ಮೆಪಡಬೇಕಿತ್ತಂತೆ, ನನ್ನ ಅಮ್ಮಿ ಆಮೇಲೆ ಫೋನಿನಲ್ಲಿ ಹೇಳಿದರು. ನನಗೆ ಹೆಮ್ಮೆ ಬೇಕಿರಲಿಲ್ಲ, ಕಾಲು ಬೇಕಿತ್ತು. ಅವರ ಕೈ ಜೇಬಿನ ಕಡೆ ಹೊರಟದ್ದು ಕಣ್ಣಂಚಿನಲ್ಲಿ ಕಂಡಿತು. ಅದು ಅರ್ಧ ದಾರಿಯಲ್ಲೇ ತಿರುಗಿ ನನ್ನ ಮಡಿಲ ಪಕ್ಕ ಬೆಂಚಿನ ಮೇಲೆ ಬಂದು ಕೂತಿತು. ನಾನು ಗೋಡೆ ನೋಡುತ್ತ ಕೂತೆ. ಸುಮಾರು ಹೊತ್ತು ಆ ಕೈ ಅಲ್ಲೇ ಕಾದಿತ್ತು. ಕೊನೆಗೆ ಹಿಡಿದುಕೊಂಡೆ, ಸಿಟ್ಟಿನಲ್ಲೇ.

ಸಾಲಿನ ಕೊನೆಗೆ ತಳ್ಳಲಿಲ್ಲ. ಬಾಲ್ಕನಿಯ ಆ ಸಂಜೆಯಿಂದ ಆರು ವಾರ ಎಣಿಸಿ, ಚಿಕಿತ್ಸೆಯನ್ನು ನವೆಂಬರಿಗೆ ಹಾಕಿಕೊಟ್ಟರು. ಮುಂದಕ್ಕೆ ಹೋದದ್ದು ಕೆಲವೇ ವಾರ. ಮೂಳೆ ಚೆನ್ನಾಗಿ ಕೂಡಿತು, ನೋವು ಹೋಯಿತು, ಕಾಲಿಗೆ ಬಲ ಬಂತು. ಹೆಬ್ಬೆರಳು ಮಾತ್ರ ಮೇಲೇಳಲಿಲ್ಲ. ಆ ಕೆಲವು ವಾರಗಳಿಂದ ಹೀಗಾಯಿತೋ, ಆಗಸ್ಟಿನ ತಾರೀಖು ಬೇಡ ಎಂದದ್ದರಿಂದಲೋ, ಅದಕ್ಕೂ ಮೊದಲೇ ಹೋಗಿತ್ತೋ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಇವತ್ತಿಗೂ ಅವರು ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನೇ ಹಾಕುವುದು. ಮಗಳು ಈಗ ನನಗಿಂತ ಎತ್ತರ, ಚಪ್ಪಲಿ ಹಿಡಿದು ಓಡಿದ್ದು ಅವಳಿಗೆ ನೆನಪಿಲ್ಲ.

ಅವರು ಆಮೇಲೆ ಸ್ನೂಸ್ ಮುಟ್ಟಿಲ್ಲ. ಆ ತಲೆಯೊಳಗೆ ಹಳೆಯ ಕೊಂಬೆಗಳು ಮುಳ್ಳು ಉದುರಿಸಿವೆಯೋ, ಒತ್ತೊತ್ತಾಗಿ ಹಾಗೇ ನಿಂತಿವೆಯೋ, ನೋಡುವ ಉಪಾಯ ನನ್ನಲ್ಲಿಲ್ಲ. ನನಗೆ ಕಾಣುವುದು ಕೈ ಮಾತ್ರ. ಪ್ರತಿ ರಂಜಾನಿನಲ್ಲಿ ಆ ಪ್ಲಾಸ್ಟಿಕ್ ಗಡಿಯಾರ ಕೂಗುತ್ತದೆ, ಅವರು ಖರ್ಜೂರ ತಿಂದು ನೀರು ಕುಡಿಯುತ್ತಾರೆ, ಕೈ ಹಿಂದಿನ ಜೇಬಿಗೆ ಹೋಗುತ್ತದೆ. ಬರಿದಾಗಿ ಹೊರಬರುತ್ತದೆ. ಆಮೇಲೆ ಗಂಜಿಯ ಬಟ್ಟಲುಗಳ ನಡುವೆ ದಾರಿ ಮಾಡಿಕೊಂಡು ಮೇಜಿನಾಚೆ ನನ್ನ ಕಡೆ ಬರುತ್ತದೆ. ನಾನು ಲೋಟ ಕೆಳಗಿಟ್ಟು ಕಾದಿರುತ್ತೇನೆ.